ಒಪ್ಪಿದ್ದು ಯಾರು, ಯಾವುದಕ್ಕೆ?

ಆಫೀಸ್ ಮೇಲ್‌ಗಳಲ್ಲಿ ಆಗಾಗ ಕಾಣಿಸಿಕೊಳ್ಳೋ ಗತ್ತಿನ ಇಂಗ್ಲಿಷ್ ಮಾತು ಒಂದಿದೆ: 'ಅಕ್ಸೀಡ್ ಟು'. 'ನಿಮ್ಮ ಕೋರಿಕೆಗೆ ಅಕ್ಸೀಡ್ ಆಗಲು ಸಾಧ್ಯವಿಲ್ಲ' ಅಂತ ಬಂದರೆ ಮುಗೀತು, ರಜೆ ಇಲ್ಲ. ಇದೂ 'ಅಗ್ರೀ'ನೂ ಒಂದೇ ಅಲ್ಲ. ಇಬ್ಬರು ಗೆಳೆಯರು ಸಿನಿಮಾಕ್ಕೆ ಹೋಗೋಣ ಅಂತ ಅಗ್ರೀ ಆಗ್ತಾರೆ. ಅಕ್ಸೀಡ್ ಆಗುವವರು 'ಆಗಲ್ಲ' ಅನ್ನೋ ಅಧಿಕಾರ ಇರುವವರು. ಎಷ್ಟೋ ಸಲ ಒತ್ತಡ ಬಿದ್ದ ಮೇಲೆ. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ 'ಹತ್ತಿರ ಹೋಗು'. ಸಿಂಹಾಸನ ಏರುವುದಕ್ಕೂ, ಒಪ್ಪಂದಕ್ಕೆ ಸೇರುವುದಕ್ಕೂ, ಬೇಡಿಕೆಗೆ ಮಣಿಯುವುದಕ್ಕೂ ಇದೇ ಪದ ಸಾಕು.

ಈ ಪದದ ಎರಡು ಅರ್ಥಗಳ ನಡುವಿನ ದೂರ ಎಷ್ಟು ಅಂತ ನನಗೆ ಸರಿಯಾಗಿ ಹೊಳೆಯೋದು 1947ರ ಮೈಸೂರನ್ನು ನೋಡಿದಾಗ. ಆ ಆಗಸ್ಟ್‌ನಲ್ಲಿ ಮಹಾರಾಜ ಜಯಚಾಮರಾಜ ಒಡೆಯರ್ 'ಇನ್‌ಸ್ಟ್ರುಮೆಂಟ್ ಆಫ್ ಅಕ್ಸೆಷನ್'ಗೆ ಸಹಿ ಹಾಕಿದರು. ನಾವು ಇದನ್ನ ಸಲೀಸಾಗಿ 'ವಿಲೀನ' ಅಂದುಬಿಡ್ತೀವಿ. ಆದರೆ ಅವತ್ತು ದೆಹಲಿಗೆ ಹೋದದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರೇ ವಿಷಯ. ಉಳಿದ ಆಡಳಿತವೆಲ್ಲ ಅರಮನೆ ಮತ್ತು ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಇತ್ತು. ಆ ಪತ್ರ ಬರೆದಿದ್ದೂ 'ನಾನು' ಅನ್ನೋ ರಾಜನ ದನಿಯಲ್ಲಿ. ಪ್ರಜೆಗಳ ಒಪ್ಪಿಗೆಗೆ ಅದರಲ್ಲಿ ಜಾಗವೇ ಇರಲಿಲ್ಲ.

ಅಂದ್ರೆ ಆಗಸ್ಟ್ 15ರಂದು ಮೈಸೂರು ಭಾರತಕ್ಕೆ ಸೇರಿತ್ತು, ಆದರೆ ಮೈಸೂರಿನವರಿಗೆ ತಮ್ಮನ್ನು ಆಳುವವರನ್ನು ಆರಿಸುವ ಹಕ್ಕು ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯಿತು. ಬೇಡಿಕೆ ಒಂದೇ, ಜವಾಬ್ದಾರಿ ಸರ್ಕಾರ. ವಿದ್ಯಾರ್ಥಿಗಳು ಕಾಲೇಜು ಬಿಟ್ಟು ಬೀದಿಗಿಳಿದರು, ಜೈಲುಗಳು ತುಂಬಿದವು, 'ಆರ್ಕಾಟ್ ಬಾಯ್ಕಾಟ್' ಅನ್ನೋ ಕೂಗೆದ್ದಿತು. ಅಕ್ಟೋಬರ್‌ನಲ್ಲಿ ಮಹಾರಾಜರು ಬೇಡಿಕೆಗೆ ಒಪ್ಪಿದರು. ತಿಂಗಳ ಕೊನೆಯ ಹೊತ್ತಿಗೆ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ.

ನೋಡಿ, ಒಬ್ಬರೇ ಮಹಾರಾಜರು ಮೂರು ತಿಂಗಳೊಳಗೆ ಎರಡು ಸಲ ಅಕ್ಸೀಡ್ ಆದರು. ಮೊದಲನೆಯದು ಒಂದು ದೇಶಕ್ಕೆ, ಎರಡನೆಯದು ತಮ್ಮದೇ ಜನಕ್ಕೆ. ಮೊದಲನೆಯದರ ಸಹಿ, ದಸ್ತಾವೇಜು ಎಲ್ಲ ಪಠ್ಯಪುಸ್ತಕಕ್ಕೆ ಬಂತು. ಎರಡನೆಯದಕ್ಕಾಗಿ ಜೈಲಿಗೆ ಹೋದವರಲ್ಲಿ ಹೆಚ್ಚಿನವರು ನಮ್ಮ ತಾತ, ಮುತ್ತಾತಂದಿರ ವಾರಗೆಯ ಮಾಮೂಲಿ ಜನ. ಹಳೇ ಮೈಸೂರಿನ ಕಡೆಯವರಾದರೆ ಮನೆಯ ಹಿರಿಯರನ್ನ ಒಮ್ಮೆ ಕೇಳಿ ನೋಡಿ, ಆ ಸೆಪ್ಟೆಂಬರ್‌ನ ಕಥೆ ಇನ್ನೂ ಉಳಿದಿರಬಹುದು.