ಋತುಚಕ್ರದ ರಜೆಯೂ ಹೋಟೆಲು ಉದ್ಯಮಿಗಳ ಆಕ್ಷೇಪವೂ

ದುಡಿಯುವ ಸ್ತ್ರೀಯರ ದೇಹಸ್ವಾಸ್ಥ್ಯದ ವೆಚ್ಚವನ್ನು ಭರಿಸತಕ್ಕವರು ಯಾರೆಂಬ ಪ್ರಶ್ನೆಯು ಹೊಸದಲ್ಲ. 1929ರಲ್ಲಿ ಮುಂಬಯಿ ಪ್ರಾಂತದ ಪ್ರಸೂತಿ ಸೌಲಭ್ಯದ ಕಾಯಿದೆಯು ಆ ಭಾರವನ್ನು ಕಾರ್ಖಾನೆಯ ಒಡೆಯನ ಮೇಲೆಯೇ ಹೊರಿಸಿತು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಾದರೋ ಒಡೆಯರೂ ಕೆಲಸಗಾರರೂ ಕೂಡಿ ಸಲ್ಲಿಸುವ ವಂತಿಗೆಯಿಂದ, ರೋಗ ಮತ್ತು ಪ್ರಸೂತಿಕಾಲಗಳ ಸಹಾಯಕ್ಕಾಗಿ ಒಂದು ಸಾಮಾನ್ಯ ನಿಧಿಯನ್ನು ಏರ್ಪಡಿಸಿತು. ವಿಮೆಗೆ ಒಳಪಡದವರ ವಿಷಯದಲ್ಲಿ 1961ರ ಕಾಯಿದೆಯು ಪುನಃ ಒಡೆಯನನ್ನೇ ಹೊಣೆಮಾಡಿತು. 2017ರಲ್ಲಿ ಪ್ರಸೂತಿಯ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು.

ಕರ್ನಾಟಕದ ಮಂತ್ರಿಮಂಡಲವು 2025ರ ಅಕ್ಟೋಬರ್ 9ರಂದು, ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಋತುಚಕ್ರದ ರಜೆಯನ್ನು ಅಂಗೀಕರಿಸಿತು. ನವೆಂಬರಿನಲ್ಲಿ ಆಜ್ಞೆಯು ಹೊರಟಿತು. ಬೆಂಗಳೂರು ಹೋಟೆಲುಗಳ ಸಂಘವು ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಕಾರ್ಮಿಕ ಕಾಯಿದೆಗಳಲ್ಲಿ ಇಂಥ ರಜೆಗೆ ವಿಧಿಯಿಲ್ಲ, ಕೇವಲ ಆಜ್ಞೆಯಿಂದ ಹೊಸ ಹೊಣೆಯನ್ನು ಹೊರಿಸಲಾಗದು ಎಂಬುದು ಸಂಘದ ಪೂರ್ವಪಕ್ಷ. ಡಿಸೆಂಬರ್ 9ರಂದು ನ್ಯಾಯಾಲಯವು ಕೊಟ್ಟ ತಡೆಯನ್ನು ಅದೇ ದಿನವೇ ಹಿಂತೆಗೆದುಕೊಂಡಿತು.

ಇಲ್ಲಿ ಎರಡು ಅಂಶಗಳನ್ನು ವಿಂಗಡಿಸಿ ನೋಡತಕ್ಕದ್ದು. ಅಧಿಕಾರದ ಪ್ರಶ್ನೆಯು ಸಯುಕ್ತಿಕವೇ. ಶಾಸನಸಭೆಯು ಕಾನೂನು ಮಾಡಿದಲ್ಲಿ ಅದು ತೀರುತ್ತದೆ. ಆದರೆ ಮಡಿವಾಳದಂಥ ಬಡಾವಣೆಯ ಹೋಟೆಲಿನಲ್ಲಿ ಮುಂಜಾನೆಯಿಂದ ನಿಂತು ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಹೆಣ್ಣಿನ ನೋವು ವಿಧಿವಾಕ್ಯಕ್ಕಾಗಿ ಕಾದಿರುವುದಿಲ್ಲ. ಭಾರವೆಲ್ಲ ಒಬ್ಬೊಬ್ಬ ಒಡೆಯನ ಮೇಲೆಯೇ ಬಿದ್ದರೆ, ಸ್ತ್ರೀಯರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಅವನು ಹಿಂಜರಿದಾನು. ಆಗ ಉಪಕಾರವೇ ಅಪಕಾರವಾಗುವುದು. ಆದಕಾರಣ 1948ರ ಸಾಮಾನ್ಯ ನಿಧಿಯ ಮಾರ್ಗವೇ ಉಭಯರಿಗೂ ಹಿತವೆಂದು ಪೂರ್ವಚರಿತ್ರೆಯಿಂದ ತಿಳಿಯಬಹುದಾಗಿದೆ.