ಬರದ ಸೀಮೆಯೂ ಮಳೆಯ ವಿಮೆಯೂ

ಮಳೆಯು ಎಷ್ಟು ಪಕ್ಷಪಾತಿಯಾಗಿರಬಲ್ಲುದೆಂಬುದನ್ನು ಕಾಣಬೇಕಾದರೆ ೧೯೪೭ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದ ನಮ್ಮ ಜಿಲ್ಲೆಯನ್ನು ನೋಡಬೇಕು. ಶೃಂಗೇರಿಯ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯು ಗಿರಿಶ್ರೇಣಿಯನ್ನು ದಾಟಿ ಕಡೂರಿಗೆ ಬರುವ ವೇಳೆಗೆ ಆರುನೂರರ ಆಸುಪಾಸಿಗೆ ಇಳಿದಿರುತ್ತದೆ. ತರೀಕೆರೆಯ ಪಡುವಣ ಭಾಗವು ಮಲೆನಾಡಿನ ಸೆರಗು. ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರೂ ಅಲ್ಲಿ ಕೆಲವೆಡೆಗೆ ಉಂಟು. ಅದರಿಂದ ಈಚೆಗೆ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರವಾದರೋ ಕಡೂರಿನಂತೆ ಬಯಲುಸೀಮೆ. ರಾಗಿಯೂ ಈರುಳ್ಳಿಯೂ ಇಲ್ಲಿ ಮುಗಿಲನ್ನು ನೋಡಿಕೊಂಡೇ ಬೆಳೆಯತಕ್ಕವು. ಅಯ್ಯನಕೆರೆ, ಮದಗದಕೆರೆಗಳಂಥ ಕೆರೆಗಳು ಪೂರ್ವಿಕರಿಗೆ ಏಕೆ ಬೇಕಾದುವೆಂಬುದನ್ನು ವಿವರಿಸಬೇಕಾಗಿಲ್ಲ. ಇಂಥ ಸೀಮೆಯ ಬೆಳೆಗೆ ವಿಮೆ ಇಳಿಸಲು ಯಾರು ಮುಂದೆ ಬಂದಾರು?

ವಿಮೆಯ ಲೆಕ್ಕವು ಸರಳವಾದುದು. ನೂರು ಮನೆಗಳಲ್ಲಿ ಒಂದಕ್ಕೆ ಬೆಂಕಿ ಬಿದ್ದರೆ ಉಳಿದ ತೊಂಬತ್ತೊಂಬತ್ತು ಮನೆಯವರ ಕಂತಿನಿಂದ ಆ ಒಂದರ ನಷ್ಟವು ತುಂಬುತ್ತದೆ. ಬರಗಾಲವು ಹಾಗಲ್ಲ, ಅದು ನೂರು ಹೊಲಗಳನ್ನೂ ಒಂದೇ ಸಲ ಸುಡುತ್ತದೆ. ಧಾತು ಸಂವತ್ಸರದಲ್ಲಿ ತೊಡಗಿದ ೧೮೭೬-೭೮ರ ಕ್ಷಾಮದ ಪರಿಣಾಮವನ್ನು ಖಾನೇಷುಮಾರಿಯೇ ಹೇಳುತ್ತದೆ: ೧೮೭೧ರಲ್ಲಿ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಿಮೆಯಾಗಿತ್ತು. ಊರಿಗೆ ಊರೇ ಪರಿಹಾರ ಬೇಡುವಾಗ ಕೊಡತಕ್ಕವರ ಪೆಟ್ಟಿಗೆಯಲ್ಲಿ ಏನು ಉಳಿದೀತು? ಧನಿಕ ದೇಶಗಳಿಗೂ ಈ ತೊಡಕು ತಪ್ಪಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಫಾರ್ಮ್ ಎಂಬ ಕಂಪನಿಯು ವಿಪತ್ತುಗಳ ಹೊರೆಯನ್ನೂ ಕಟ್ಟಡದ ವೆಚ್ಚದ ಏರಿಕೆಯನ್ನೂ ಮುಂದಿಟ್ಟು, ಮನೆಗಳಿಗೆ ಹೊಸದಾಗಿ ವಿಮೆ ಬರೆಯುವುದನ್ನು ೨೦೨೩ರಲ್ಲಿ ನಿಲ್ಲಿಸಿತು.

ಈ ಕಷ್ಟವನ್ನು ನಮ್ಮ ಸಂಸ್ಥಾನದಲ್ಲಿ ಒಬ್ಬರು ನೂರು ವರ್ಷಗಳ ಹಿಂದೆಯೇ ಆಲೋಚಿಸಿದ್ದರೆಂಬುದು ನಮ್ಮಲ್ಲಿಯೇ ಅನೇಕರಿಗೆ ತಿಳಿಯದು. ಮೈಸೂರು ಸರ್ಕಾರವು ತನ್ನ ನೌಕರರಿಗಾಗಿ ಜೀವವಿಮೆಯನ್ನು ೧೮೯೧ರಲ್ಲಿಯೇ ತೆರೆದಿತ್ತು. ಸಂಸ್ಥಾನದ ಅಧಿಕಾರಿಗಳಾಗಿದ್ದ ಜೆ. ಎಸ್. ಚಕ್ರವರ್ತಿಯವರು ಒಂದು ಹೆಜ್ಜೆ ಮುಂದೆ ಹೋಗಿ, ೧೯೨೦ರಲ್ಲಿ ವ್ಯವಸಾಯದ ವಿಮೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟವನ್ನು ಅಳೆಯುವುದು ತುಂಡು ಹಿಡುವಳಿಗಳ ಈ ದೇಶದಲ್ಲಿ ಆಗತಕ್ಕ ಮಾತಲ್ಲ. ಅಳೆಯುವ ಖರ್ಚೇ ಕಂತನ್ನು ನುಂಗೀತು, ಸುಳ್ಳು ಲೆಕ್ಕಕ್ಕೂ ದಾರಿಯಾದೀತು. ಆದುದರಿಂದ ಹೊಲವನ್ನು ಬಿಟ್ಟು ಮಳೆಯನ್ನು ಅಳೆಯಬೇಕೆಂಬುದು ಅವರ ಸೂಚನೆ. ಒಂದು ಪ್ರದೇಶದ ಮಳೆಮಾಪಕದಲ್ಲಿ ಮಳೆಯು ಗೊತ್ತುಮಾಡಿದ ಪ್ರಮಾಣಕ್ಕಿಂತ ಕಡಿಮೆಯಾದರೆ ಆ ಪ್ರದೇಶದ ವಿಮೆದಾರರಿಗೆಲ್ಲ ಹಣ ಸಲ್ಲಬೇಕು. ಮಾಪಕಕ್ಕೆ ದಾಕ್ಷಿಣ್ಯವಿಲ್ಲ, ಲಂಚವೂ ನಡೆಯದು! ಯೋಜನೆಯು ಮಾತ್ರ ಕಾರ್ಯರೂಪಕ್ಕೆ ಬರಲಿಲ್ಲ. ಎಂಬತ್ತು ವರ್ಷಗಳಿಗೂ ಮೇಲೆ, ೨೦೦೩ರಲ್ಲಿ, ಆಂಧ್ರದ ಮಹಬೂಬನಗರದಲ್ಲಿ ಮಳೆಯ ವಿಮೆಯನ್ನು ಪ್ರಯೋಗಿಸಿದಾಗ ಅದನ್ನು ಹೊಸ ಶೋಧವೆಂಬಂತೆ ಕೊಂಡಾಡಿದರು.

ನಡುವೆ ನಡೆದುದು ಚಕ್ರವರ್ತಿಯವರ ಶಂಕೆಯನ್ನೇ ದೃಢಪಡಿಸಿತು. ೧೯೭೨ರಲ್ಲಿ ಗುಜರಾತಿನ ಹತ್ತಿಗೆ ಹೊಲಹೊಲವನ್ನೂ ನೋಡಿ ಕೊಡುವ ವಿಮೆ ಆರಂಭವಾಯಿತು. ಅದು ಬೇರೆ ಕೆಲವು ಪ್ರಾಂತಗಳಿಗೂ ಹಬ್ಬಿ ನಿಲ್ಲುವ ವೇಳೆಗೆ ಬಂದ ಕಂತು ಸುಮಾರು ನಾಲ್ಕೂವರೆ ಲಕ್ಷ ರೂಪಾಯಿ, ಕೊಟ್ಟ ಪರಿಹಾರ ಸುಮಾರು ಮೂವತ್ತೆಂಟು ಲಕ್ಷ. ಆಮೇಲೆ ಪ್ರೊಫೆಸರ್ ದಾಂಡೇಕರರ ಸಲಹೆಯಂತೆ ೧೯೭೯ರಲ್ಲಿ ಪ್ರದೇಶವನ್ನೇ ಘಟಕವಾಗಿ ಹಿಡಿದರು. ೧೯೮೫, ೧೯೯೯ರ ಯೋಜನೆಗಳು ಇದೇ ದಾರಿಯವು.

೨೦೧೬ರ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯಕ್ಕೆ ರೈತನು ಕೊಡಬೇಕಾದುದು ನೂರಕ್ಕೆ ಎರಡೇ ರೂಪಾಯಿ. ಕಂಪನಿಯು ಟೆಂಡರಿನಲ್ಲಿ ಕೇಳುವ ದರದ ಉಳಿದ ಭಾಗವು ಸರ್ಕಾರಗಳ ಮೇಲೆ ಬೀಳುತ್ತದೆ. ಬರವು ಪದೇ ಪದೇ ಬರುವೆಡೆ ಆ ದರವು ಸಹಜವಾಗಿಯೇ ಏರುತ್ತದೆ. ೨೦೧೯-೨೦ರಲ್ಲಿ ಕೆಲವು ಖಾಸಗಿ ಕಂಪನಿಗಳು ಈ ವ್ಯವಹಾರದಿಂದಲೇ ಹಿಂದೆ ಸರಿದವು. ೨೦೨೦ರ ಮುಂಗಾರಿನಿಂದ ಕೇಂದ್ರ ಸರ್ಕಾರವೂ ತನ್ನ ಪಾಲಿಗೆ ಕಟ್ಟು ಹಾಕಿತು: ಖುಷ್ಕಿ ಬೆಳೆಗೆ ನೂರಕ್ಕೆ ಮೂವತ್ತು, ನೀರಾವರಿಗೆ ಇಪ್ಪತ್ತೈದರ ದರದವರೆಗೆ ಮಾತ್ರ. ಮಹಾರಾಷ್ಟ್ರದ ಬರಪೀಡಿತ ಬೀಡ್ ಜಿಲ್ಲೆಗೆ ಯಾವ ಕಂಪನಿಯೂ ಟೆಂಡರು ಹಾಕಲಿಲ್ಲ. ಕೊನೆಗೆ ಸರ್ಕಾರೀ ಸ್ವಾಮ್ಯದ ಕೃಷಿ ವಿಮಾ ಕಂಪನಿಯು ೨೦೨೦ರಲ್ಲಿ ಅದನ್ನು ವಹಿಸಿಕೊಂಡಿತು. ಅದೂ ಕಂತಿನ ನೂರಹತ್ತು ಪಾಲನ್ನು ಮೀರಿದ ನಷ್ಟವನ್ನು ರಾಜ್ಯವೇ ಹೊರಬೇಕೆಂಬ ಷರತ್ತಿನ ಮೇಲೆ.

ಬೀಡಿಗೆ ಬಂದುದು ಕಡೂರಿಗೆ ಬಾರದೆಂದು ಹೇಳಲು ಆಧಾರವಿಲ್ಲ. ೨೦೨೩ರಲ್ಲಿ ಕರ್ನಾಟಕದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಅಂಥ ವರ್ಷದಲ್ಲಿ ಒಂದು ತಾಲ್ಲೂಕಿನ ನಷ್ಟವನ್ನು ನೆರೆಯ ತಾಲ್ಲೂಕಿನ ಕಂತಿನಿಂದ ತುಂಬುವುದೆಂತು? ಒಳ್ಳೆಯ ವರ್ಷಗಳ ಕಂತನ್ನು ಕೂಡಿಟ್ಟು ಕೆಟ್ಟ ವರ್ಷಕ್ಕೆ ಕಾದಿರಿಸುವುದೊಂದೇ ಉಳಿದ ದಾರಿ. ವರ್ಷವರ್ಷವೂ ಲಾಭನಷ್ಟದ ಲೆಕ್ಕ ಒಪ್ಪಿಸಬೇಕಾದ ಕಂಪನಿಗೆ ಅಷ್ಟು ತಾಳ್ಮೆಯಿರದು. ಬೊಕ್ಕಸಕ್ಕೆ ಮಾತ್ರ ಇರಬಲ್ಲುದು.