ಕುಂಪಣಿಯ ಮೊದಲ ಯಜಮಾನ

ನಮ್ಮ ಹಳೆಯ ಲಾವಣಿಗಳಲ್ಲಿ ‘ಕುಂಪಣಿ’ ಎಂಬ ಮಾತು ಬರುತ್ತದೆ. ಅದು ಒಬ್ಬ ಮನುಷ್ಯನೋ, ಒಂದು ಸರ್ಕಾರವೋ, ಕಡಲಾಚೆಯ ಯಾವುದೋ ಭೂತವೋ, ಹಾಡಿದವರಿಗೆ ನಿಶ್ಚಯವಾಗಿ ತಿಳಿದಿದ್ದಂತೆ ತೋರುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯನ್ನು ಮುರಿದ ಈ ಕುಂಪಣಿಗೆ ಅದರ ಎಳೆತನದಲ್ಲಿ ಸ್ವಂತದ್ದೆಂಬ ಒಂದು ಮನೆಯೂ ಇರಲಿಲ್ಲ ಎಂದರೆ ಸೋಜಿಗವಾದೀತು. ಲಂಡನ್ ನಗರದ ಫಿಲ್ಪಾಟ್ ಓಣಿಯಲ್ಲಿದ್ದ ಒಬ್ಬ ವರ್ತಕನ ಮನೆಯೇ ಅದರ ಕಚೇರಿಯಾಗಿತ್ತು. ಆ ಮನೆಯ ಯಜಮಾನನೇ ಕುಂಪಣಿಯ ಮೊದಲನೆಯ ಗವರ್ನರ್, ಸರ್ ಥಾಮಸ್ ಸ್ಮೈಥ್.

ಈತನ ವಂಶಾವಳಿಯನ್ನು ನೋಡಿದರೆ ಲಂಡನ್ನಿನ ವರ್ತಕಕುಲದ ಗುಟ್ಟೆಲ್ಲ ಬಯಲಾಗುತ್ತದೆ. ತಾಯಿಯ ತಂದೆ ಸರ್ ಆಂಡ್ರ್ಯೂ ಜಡ್. ತುಪ್ಪಳದ ವ್ಯಾಪಾರದಿಂದ ಮೇಲೆ ಬಂದು 1550ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದವನು. 1553ರಲ್ಲಿ ತನ್ನ ಹುಟ್ಟೂರಾದ ಟನ್‌ಬ್ರಿಜ್ಜಿನಲ್ಲಿ ಶಾಲೆಯೊಂದನ್ನು ಸ್ಥಾಪಿಸಿದವನು. ಆ ಶಾಲೆ ಇಂದಿಗೂ ನಡೆಯುತ್ತಿದೆ. ಜಡ್‌ನ ಹೆಂಡತಿಯ ತಂದೆಯೂ ಲಾರ್ಡ್ ಮೇಯರ್ ಆಗಿದ್ದವನೇ. ನಮ್ಮ ಶಾಸನಗಳಲ್ಲಿ ‘ಪಟ್ಟಣಸ್ವಾಮಿ’ ಎಂಬ ವರ್ತಕಮುಖ್ಯರು ಬರುತ್ತಾರಲ್ಲ, ಹೆಚ್ಚು ಕಡಿಮೆ ಅಂಥದೇ ಪದವಿ. ಅಂಗಡಿಯ ಗಾದಿಯಲ್ಲಿ ಕುಳಿತವನೇ ನ್ಯಾಯದ ಗಾದಿಯಲ್ಲಿಯೂ ಕುಳಿತುಕೊಳ್ಳುವನು. ಒಬ್ಬನ ಮಗಳನ್ನು ಇನ್ನೊಬ್ಬನ ಮನೆಗೆ ಕೊಟ್ಟು ಹಣವೂ ಅಧಿಕಾರವೂ ಹೊರಗೆ ಹೋಗದಂತೆ ನೋಡಿಕೊಳ್ಳುವರು.

ಆದರೆ ಜಡ್‌ನ ಅಳಿಯ ಈ ಬಳಗಕ್ಕೆ ಹೊರಗಿನವನು. ವಿಲ್ಟ್‌ಷೈರಿನ ಕಾರ್ಷಮ್ಮಿನಿಂದ ಲಂಡನ್ನಿಗೆ ಬಂದವನು. ಅವನ ಹೆಸರೂ ಥಾಮಸ್ ಸ್ಮೈಥ್. ಜಡ್‌ನ ಮಗಳು ಆಲಿಸಳನ್ನು ಮದುವೆಯಾದನು; ಲಂಡನ್ ಬಂದರಿನ ಸುಂಕದ ಅಧಿಕಾರ ಅವನ ಕೈಗೆ ಬಂತು. 1570ರಿಂದ 1588ರವರೆಗೆ ಎಲಿಜಬೆತ್ ರಾಣಿ ಆಮದು ಸುಂಕವನ್ನು ಅವನಿಗೆ ಗುತ್ತಿಗೆಗೆ ಕೊಟ್ಟಳು. ವರ್ಷಕ್ಕೆ ಇಷ್ಟು ಎಂದು ಬೊಕ್ಕಸಕ್ಕೆ ಕಟ್ಟಿದರಾಯಿತು, ಮಿಕ್ಕದ್ದೆಲ್ಲ ಅವನದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮವರಿಗೆ ಗೊತ್ತು. ಲಂಡನ್ನಿನವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಜನರ ಬಾಯಲ್ಲಿ ಅವನಿಗೆ ‘ಸುಂಕದ ಸ್ಮೈಥ್’ ಎಂಬ ಹೆಸರೇ ನಿಂತುಹೋಯಿತು. 1582ರಲ್ಲಿ ಅವನು ಹುಟ್ಟೂರಿನಲ್ಲಿ ಭಾರಿ ಬಂಗಲೆಯನ್ನು ಕಟ್ಟಿಸಿ, 1591ರಲ್ಲಿ ತೀರಿಕೊಂಡನು.

ಸುಮಾರು 1558ರಲ್ಲಿ ಹುಟ್ಟಿದ ನಮ್ಮ ಥಾಮಸ್ ಈತನ ಮಗ. ತಂದೆಯ ದಾರಿಯಲ್ಲಿಯೇ ನಡೆದನು. ಮುಂದೆ ಒಂದು ವರ್ಷ ಮಾತ್ರ ಅವನ ಬಾಳಿನಲ್ಲಿ ಬಿರುಗಾಳಿಯಂತೆ ಬಂತು. 1600ರಲ್ಲಿ ಅವನನ್ನು ನಗರದ ಷೆರೀಫನನ್ನಾಗಿ ಆರಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ರಾಣಿ ಈಸ್ಟ್ ಇಂಡಿಯಾ ಕುಂಪಣಿಗೆ ಸನ್ನದು ಕೊಟ್ಟಳು; 15 ವರ್ಷ ಪೂರ್ವದೇಶಗಳ ವ್ಯಾಪಾರ ಇವರಿಗೆ ಮಾತ್ರ. ಗವರ್ನರ್ ಎಂದು ಆ ಸನ್ನದಿನಲ್ಲಿ ಬರೆದ ಹೆಸರು ಸ್ಮೈಥನದು. ನಲವತ್ತೆರಡರ ವಯಸ್ಸಿನಲ್ಲಿ ಎರಡು ಪದವಿಗಳು ಒಟ್ಟಿಗೆ ಮನೆಗೆ ಬಂದವು. ಇನ್ನೇನು ಬೇಕು?

ಸನ್ನದಿನ ಮಸಿ ಆರುವಷ್ಟರಲ್ಲಿ ವಿಪತ್ತೂ ಮನೆಗೇ ಬಂತು. 1601ರ ಫೆಬ್ರವರಿ 8, ಭಾನುವಾರ. ರಾಣಿಯ ಕೃಪೆಯನ್ನು ಕಳೆದುಕೊಂಡಿದ್ದ ಎಸೆಕ್ಸಿನ ಅರ್ಲ್ ರಾಬರ್ಟ್ ಡೆವರೊ ತನ್ನ ಹಿಂಬಾಲಕರೊಡನೆ ಲಂಡನ್ ಬೀದಿಗೆ ಇಳಿದನು. ನಗರದ ಜನ ತನ್ನ ಕಡೆ ಎದ್ದು ನಿಲ್ಲುವರೆಂದು ಅವನ ನಂಬಿಕೆ. ಷೆರೀಫ್ ಸ್ಮೈಥ್ ಸಾವಿರ ಆಳುಗಳನ್ನು ಒದಗಿಸುವನೆಂದು ಯಾರೋ ಅವನಿಗೆ ಹೇಳಿದ್ದರು. ಯಾರೂ ಏಳಲಿಲ್ಲ. ಅರ್ಲ್ ಮಹಾಶಯ ಬೆವರುತ್ತ ಫೆಂಚರ್ಚ್ ಬೀದಿಯಲ್ಲಿದ್ದ ಷೆರೀಫನ ಮನೆಯ ಬಾಗಿಲಿಗೆ ಬಂದನು. ಸ್ಮೈಥ್ ಮಾಡಿದ್ದೇನು? ಅತಿಥಿ ಒಳಗಿರುವಾಗಲೇ ಹಿಂಬಾಗಿಲಿನಿಂದ ಹೊರಬಿದ್ದು ಲಾರ್ಡ್ ಮೇಯರನ ಬಳಿಗೆ ಹೋದನು.

ಇಲ್ಲಿ ಚರಿತ್ರಕಾರರು ತಡೆದು ನಿಲ್ಲುತ್ತಾರೆ. ಅವನು ದ್ರೋಹದಲ್ಲಿ ಪಾಲುದಾರನೋ, ಇಲ್ಲ ಮನೆಗೆ ನುಗ್ಗಿದ ಬಿರುಗಾಳಿಗೆ ಬೆದರಿದ ಗೃಹಸ್ಥನೋ? ಅರ್ಲನು ಮೇಯರನಿಗೆ ಶರಣಾಗಬೇಕೆಂದು ತಾನು ಬುದ್ಧಿ ಹೇಳಿದೆನೆಂಬುದು ಅವನ ಹೇಳಿಕೆ. ನನಗನ್ನಿಸುವುದಿಷ್ಟು: ಲೆಕ್ಕ ಬಲ್ಲ ಮನೆತನದ ಮಗ ಯಾವ ತಕ್ಕಡಿ ಕೆಳಗಿಳಿಯುತ್ತದೆಂದು ನೋಡುತ್ತಿದ್ದನು, ಆ ಮಧ್ಯಾಹ್ನ ನೋಡುತ್ತ ನಿಲ್ಲುವುದಕ್ಕೆ ಅವಕಾಶವಿರಲಿಲ್ಲ. ರಾಣಿಯ ಮಂತ್ರಿಗಳು ಅವನ ಮಾತನ್ನು ನಂಬಲಿಲ್ಲ. ಷೆರೀಫ್ ಪದವಿ ಹೋಯಿತು, ಗವರ್ನರ್ ಪದವಿ ಹೋಯಿತು. ಲಂಡನ್ ಟವರಿನ ಸೆರೆಮನೆ ಕಾದಿತ್ತು. ಆ ತಿಂಗಳು 25ರಂದು ಎಸೆಕ್ಸನ ತಲೆ ಉರುಳಿತು. ಈ ಗಲಭೆಯ ನಡುವೆಯೇ, ದಂಗೆಯಾದ ಐದು ದಿನಕ್ಕೆ, ಕುಂಪಣಿಯ ಮೊದಲ ಹಡಗುಗಳು ಜೇಮ್ಸ್ ಲ್ಯಾಂಕಾಸ್ಟರನ ನಾಯಕತ್ವದಲ್ಲಿ ವುಲಿಚ್ಚಿನಿಂದ ಹೊರಟವು. ಗವರ್ನರನಿಗೆ ಆಗ ತನ್ನ ತಲೆಯ ಚಿಂತೆಯೇ ಸಾಕಾಗಿತ್ತು.

ಕಾಲ ತಿರುಗಿತು. 1603ರಲ್ಲಿ ರಾಣಿ ತೀರಿಕೊಂಡು ಜೇಮ್ಸ್ ಅರಸನಾದನು. ಅವನಿಗೆ ಎಸೆಕ್ಸನ ಪಕ್ಷದವರಲ್ಲಿ ಒಲವು. ಆ ವರ್ಷದ ಮೇ ತಿಂಗಳಲ್ಲಿ ಸ್ಮೈಥನಿಗೆ ‘ಸರ್’ ಪದವಿ ದೊರಕಿತು. ಎಲ್ಲಿ? ಅದೇ ಟವರಿನಲ್ಲಿ! ಗವರ್ನರ್ ಪದವಿಯೂ ಮರಳಿ ಬಂತು. ನಡುವೆ ಬಿಟ್ಟದ್ದುಂಟಾದರೂ 1621ರವರೆಗೆ ಅವನದೇ ಯಜಮಾನಿಕೆ. 1604ರಲ್ಲಿ ರಷ್ಯಕ್ಕೆ ರಾಯಭಾರಿಯಾಗಿ ಹೋದನು. 1609ರಿಂದ ವರ್ಜೀನಿಯ ಕುಂಪಣಿಗೂ ಅವನೇ ಮುಖ್ಯಸ್ಥ. ಸರ್ ಥಾಮಸ್ ರೋ 1615ರಲ್ಲಿ ಜಹಾಂಗೀರನ ಆಸ್ಥಾನಕ್ಕೆ ಹೊರಟದ್ದು ಇವನ ಆಡಳಿತದಲ್ಲಿಯೇ.

ಎಸೆಕ್ಸನ ನೆರಳು ಮಾತ್ರ ಅವನನ್ನು ಬಿಡಲಿಲ್ಲ. ಈ ಸಲ ಅದು ಸೊಸೆಯ ರೂಪದಲ್ಲಿ ಬಂತು. 1617ರಲ್ಲಿ ರಾಬರ್ಟ್ ರಿಚ್ ಎಂಬ ಶ್ರೀಮಂತನ ಹಡಗುಗಳು ಮೊಗಲ್ ರಾಜಮಾತೆಯ ಹಡಗನ್ನು ಸುಲಿಯಲು ಹೊರಟಿದ್ದವು. ಕುಂಪಣಿಯ ನೌಕೆಗಳು ಅಡ್ಡಬಂದು ಸುಲಿಗೆಯನ್ನು ತಪ್ಪಿಸಿ ರಿಚ್‌ನ ಹಡಗುಗಳನ್ನು ಹಿಡಿದವು. ಆ ಸುಲಿಗೆ ನಡೆದಿದ್ದರೆ ಸೂರತ್ತಿನಲ್ಲಿದ್ದ ಇಂಗ್ಲಿಷರ ಗತಿಯೇನು! ರಿಚ್‌ನಿಗೂ ಸ್ಮೈಥನಿಗೂ ಬದ್ಧದ್ವೇಷ ಬೆಳೆಯಿತು. ಮರುವರ್ಷ ಸ್ಮೈಥನ ಮಗ ಜಾನ್ ತಂದೆಗೆ ತಿಳಿಯದಂತೆ ಮದುವೆಯಾದನು. ಹುಡುಗಿ ಇಸಬೆಲ್ಲ, ಅದೇ ರಿಚ್‌ನ ತಂಗಿ. ಅವಳ ತಾಯಿ ಪೆನೆಲೊಪೆ, ಎಸೆಕ್ಸನ ಒಡಹುಟ್ಟಿದವಳು. ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಹೋಗಿದ್ದ ಮನುಷ್ಯನ ಮನೆಗೆ ಎಸೆಕ್ಸನ ಸೋದರ ಸೊಸೆಯೇ ಮುಂಬಾಗಿಲಿನಿಂದ ಒಳಗೆ ಬಂದಂತಾಯಿತು! ಬೀಗತನದಿಂದ ಹಗೆ ತಣ್ಣಗಾಗಲಿಲ್ಲ. 1619ರಲ್ಲಿ ರಿಚ್‌ನ ಪಕ್ಷದವರೂ ಸ್ಮೈಥನ ಇತರ ವಿರೋಧಿಗಳೂ ಕೈಗೂಡಿಸಿ ಅವನನ್ನು ವರ್ಜೀನಿಯ ಕುಂಪಣಿಯಿಂದ ಇಳಿಸಿದರು.

1625ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನಲ್ಲಿ ಪ್ಲೇಗು ಹಬ್ಬಿದ್ದಾಗ, ಸ್ಮೈಥ್ ಕೆಂಟ್ ಪ್ರಾಂತದ ತನ್ನ ಹಳ್ಳಿಮನೆಯಲ್ಲಿ ತೀರಿಕೊಂಡನು. ಬಡವರಿಗೆ ರೊಟ್ಟಿ ಹಂಚಲೆಂದೂ, ಟನ್‌ಬ್ರಿಜ್ ಶಾಲೆಯ ಹುಡುಗರು ವಿಶ್ವವಿದ್ಯಾನಿಲಯಕ್ಕೆ ಹೋಗಿ ಓದಲೆಂದೂ ಉಯಿಲಿನಲ್ಲಿ ಹಣ ಬಿಟ್ಟಿದ್ದನು. ವಿಧವೆಯಾದ ಮೂರನೆಯ ಹೆಂಡತಿ ಸಾರಾ ಮರುವರ್ಷವೇ ಲೆಸ್ಟರಿನ ಅರ್ಲನನ್ನು ಮದುವೆಯಾದಳು. ಸಟನ್-ಅಟ್-ಹೋನ್ ಎಂಬ ಹಳ್ಳಿಯ ಚರ್ಚಿನಲ್ಲಿ ಅವನ ಸಮಾಧಿಯಿದೆ. ಅದರ ಮೇಲಿನ ಶಾಸನ ಅವನ ಪದವಿಗಳನ್ನು ಸಾಲಾಗಿ ಹೇಳುತ್ತದೆ. ಈಸ್ಟ್ ಇಂಡಿಯಾ ಕುಂಪಣಿ ಮೊದಲು, ಆಮೇಲೆ ಮಾಸ್ಕೊವಿ ಕುಂಪಣಿ, ವರ್ಜೀನಿಯ, ನೌಕಾಪಡೆ, ರಷ್ಯದ ರಾಯಭಾರ. ಲಂಡನ್ನಿನ ಷೆರೀಫ್ ಎಂಬ ಪದವಿ ಮಾತ್ರ ಆ ಸಾಲಿನಲ್ಲಿ ಇಲ್ಲ.